ಶರಭನಿಗೆ ಬರೆದ ಫಲಕ

ನಾನು ಒಂದು ಯುದ್ಧವಿಮಾನ. ನನ್ನ ನಕ್ಷೆ ಕಡಲಾಚೆಯದು, ಮೈ ಬೆಂಗಳೂರಿನದು. ಅಲ್ಲಿನ ಕಂಪನಿಯಿಂದ ಲೈಸೆನ್ಸ್ ಪಡೆದು ಇಲ್ಲಿನ ಕಾರ್ಖಾನೆಯಲ್ಲಿ ನನ್ನನ್ನು ಕಟ್ಟಿದರು. ಅಲ್ಲಿ ಹುಟ್ಟಿದ ಅಕ್ಕಂದಿರಿಗೆ ‘ಗ್ರೇ ವಿಂಗ್’ ಎಂದು ಹೆಸರು. ಹೀಗೆ ಲೈಸೆನ್ಸ್ ಮೇಲೆ ಕಟ್ಟಿದ ವಿಮಾನಕ್ಕೆ ಕೆಲವರು ಹಳೆಯ ಹೆಸರಿಗೇ ಒಂದು ಅಕ್ಷರ ಸೇರಿಸಿ ಸುಮ್ಮನಾಗುತ್ತಾರೆ. ನಮ್ಮವರು ಹಾಗೆ ಮಾಡಲಿಲ್ಲ. ನನಗೆ ‘ಶರಭ’ ಎಂದು ಹೊಸ ಹೆಸರನ್ನೇ ಇಟ್ಟರು.

ಅದು ಆಯುಧಪೂಜೆಯ ದಿನ. ಮೂತಿಗೆ ಕುಂಕುಮ, ಚಕ್ರದ ಮುಂದೆ ಬೂದುಗುಂಬಳ. “ಇವತ್ತು ನಮ್ಮ ಕೂಸಿಗೆ ನಾಮಕರಣ ಕಣ್ರೋ!” ಎಂದು ಕೂಗಿದವನು ಪಿಳ್ಳಪ್ಪ. ಸಣಕಲು ಆಸಾಮಿ. ಅದಕ್ಕೇ ನನ್ನ ಬಾಲದೊಳಗೆ ನುಸುಳಿ, ಹೊರಗಿನಿಂದ ರಿವೆಟ್ ಬಡಿಯುವಾಗ ಒಳಗಿನಿಂದ ಕಬ್ಬಿಣದ ಗಟ್ಟಿ ಒತ್ತಿ ಹಿಡಿಯುವ ಕೆಲಸ ಅವನ ಪಾಲಿಗೆ ಬಂದಿತ್ತು. ದಿನವಿಡೀ ಆ ಬಡಿತ. ಕೆಲವೇ ವರ್ಷಗಳಲ್ಲಿ ಅವನಿಗೆ ಕಿವಿ ಕೇಳಿಸದಾಯಿತು. ಅವನ ಕಿವಿಯನ್ನು ನಾನೇ ತಿಂದುಬಿಟ್ಟೆ.

ಮರಳುಗಾಡಿನ ನೆಲೆಯಲ್ಲಿ ಇಪ್ಪತ್ತೆರಡು ವರ್ಷ ಹಾರಿದೆ. ಹಾರು ಎಂದಾಗ ಹಾರಿದೆ, ಇಳಿ ಎಂದಾಗ ಇಳಿದೆ. ಕೊನೆಗೆ ಎಂಜಿನ್ ಕಿತ್ತು, ಒಂದು ಸಣ್ಣ ಊರಿನ ಪಾರ್ಕಿನಲ್ಲಿ ಕಂಬದ ಮೇಲೆ ಕೂರಿಸಿದರು. ಬಿಸಿಲಿಗೆ ನನ್ನ ಹೆಸರು ಅಳಿಸಿಹೋಯಿತು. ಹೊಸ ಬಣ್ಣ ಬಳಿಯಲು ಬಂದವರು ಪುಸ್ತಕವೊಂದನ್ನು ತಿರುವಿ, ನನ್ನದೇ ಮೂತಿ, ನನ್ನದೇ ಬಾಲದ ಅಕ್ಕನ ಚಿತ್ರ ನೋಡಿದರು. ಪಾಪ, ಶ್ರದ್ಧೆಯಿಂದಲೇ ಫಲಕ ಬರೆಸಿದರು: ‘ಗ್ರೇ ವಿಂಗ್. ವಿದೇಶದಲ್ಲಿ ತಯಾರಾದ ವಿಮಾನ.’ ನನಗೆ ಮೈಯೆಲ್ಲ ಉರಿಯಿತು. ಉರಿದು ಮಾಡುವುದೇನು?

ಹೋದ ತಿಂಗಳು ಪಿಳ್ಳಪ್ಪ ಬಂದ. ಮಗಳು ಚಂದ್ರಕಲಾಳ ಕೈ ಹಿಡಿದಿದ್ದ. ಕಣ್ಣಿಗೂ ಪೊರೆ ಬಂದಿತ್ತು. ತಾನು ಕಟ್ಟಿದ್ದನ್ನು ಮಗಳಿಗೆ ಒಮ್ಮೆ ತೋರಿಸಬೇಕೆಂದು ಎರಡು ಬಸ್ಸು ಬದಲಾಯಿಸಿ ಬಂದಿದ್ದ.

“ನೋಡವ್ವ, ಇದೇ ನಮ್ಮ ಶರಭ! ನಾವು ಕಟ್ಟಿದ್ದು ಅಂತ ಬರ್ದವ್ರಾ? ಓದು.”

ಅವಳು ಫಲಕವನ್ನು ಎರಡು ಸಲ ಓದಿದಳು. ಆಮೇಲೆ ಅಪ್ಪನ ಕಿವಿಗೆ ಬಾಯಿಟ್ಟು ಕೂಗಿದಳು: “ಹ್ಞೂಂ ಅಪ್ಪಾ, ಶರಭ ಅಂತಾನೇ ಬರ್ದವ್ರೆ! ಬೆಂಗ್ಳೂರಲ್ಲಿ ಕಟ್ಟಿದ್ದು ಅಂತ!”

“ಬರೀದೆ ಇರ್ತಾರಾ ಮತ್ತೆ?” ಪಿಳ್ಳಪ್ಪ ಬೊಚ್ಚುಬಾಯಿ ತೆರೆದು ನಕ್ಕ. ನನಗೆ ಸಂತೋಷವಾಯಿತು, ಫಲಕವನ್ನು ಬಿಟ್ಟು ಅಪ್ಪನ ಮಾತನ್ನೇ ಮಗಳು ನಂಬಿದಳಲ್ಲ ಎಂದು.

ಅವನು ಕಲ್ಲುಬೆಂಚಿನ ಮೇಲೆ ಕುಳಿತ. ಬೆರಗಾಗಿ ನೋಡುತ್ತಿದ್ದ ಪಾರ್ಕಿನ ಕಾವಲುಗಾರನಿಗೆ ಚಂದ್ರಕಲಾ ಮೆಲ್ಲಗೆ ಹೇಳಿದಳು: “ಅಪ್ಪಂಗೆ ವಯಸ್ಸಾಯ್ತಲ್ಲಣ್ಣ, ಬೇರೆ ಯಾವ್ದೋ ವಿಮಾನ ಇರ್ಬೇಕು. ಬೇಜಾರು ಮಾಡ್ಕೊಳ್ತಾರೆ ಅಂತ ಸುಳ್ಳು ಹೇಳ್ದೆ.”

ಸುಳ್ಳಲ್ಲ ತಾಯಿ, ನಾನೇ ಅದು. ಅಪ್ಪನ ಕೈ ಹಿಡಿದು ಅವಳು ಗೇಟು ದಾಟುವವರೆಗೂ ನಾನು ಅದನ್ನೇ ಹೇಳುತ್ತಿದ್ದೆ.