ಅವಸರವೇನಿಲ್ಲ ಮುರೋಯಿಸಾನ್

ಮತ್ತೆ ಪಟಪಟ, ನೀಲಿ ತಾಡಪಾಲಿನ ಮೂಲೆ ಬಿಚ್ಚಿಕೊಂಡಿರಬೇಕು, ಹೋಗಿ ಕಟ್ಟಬೇಕು, ಏಪ್ರಿಲ್‌ನಿಂದ ಅದರಡಿ ಮಲಗಿರುವ ತೊಲೆಗಳಿಗೆ ಈ ಹಿತ್ತಿಲೇ ತವರಾಗಿಬಿಟ್ಟಿದೆ — ಮೂವತ್ತೆಂಟು ವರ್ಷ ಬೆಟ್ಟದ ದಾರಿಯಲ್ಲಿ ಬಸ್ಸು ಓಡಿಸಿ ನಿವೃತ್ತನಾದ ತೊಕುಜಿ, ಎರಡು ನಿಮಿಷ ತಡವಾದರೆ ಮೈಕಿನಲ್ಲಿ ಪ್ರಯಾಣಿಕರ ಕ್ಷಮೆ ಕೇಳುತ್ತಿದ್ದ ತೊಕುಜಿ, ಹಿತ್ತಿಲಲ್ಲೊಂದು ಕಾರ್ಯಾಗಾರ ಏಳಲೆಂದು ಏಳು ತಿಂಗಳಿಂದ ಕಾಯುತ್ತಿದ್ದಾನೆ, ಆಗಿರುವುದು ಸಿಮೆಂಟಿನ ತಳಪಾಯವೊಂದೇ, ಅದರ ಮೇಲೆ ಹೆಂಡತಿ ಕಿನುಕೊ ಉಪ್ಪಿನಕಾಯಿಗೆಂದು ಮೂಲಂಗಿ ಒಣಗಿಸುತ್ತಾಳೆ, ರೀ, ನಿಮ್ಮ ಕಾರ್ಯಾಗಾರ ಬಹಳ ಚೆನ್ನಾಗಿದೆ, ನಾಲ್ಕೂ ಕಡೆಯಿಂದ ಬಿಸಿಲು ಬೀಳುತ್ತೆ. ನಗಲಿ, ಅವಳಿಗೇನು, ಜೂನ್‌ನಲ್ಲಿ ಮಳೆ, ಜುಲೈನಲ್ಲಿ ಬಡಗಿ ಮುರೋಯಿಯ ಸೊಂಟ, ಆಗಸ್ಟ್‌ನಲ್ಲಿ ಪಿತೃಗಳು ಮನೆಗೆ ಬರುವ ಹಬ್ಬ, ಸೆಪ್ಟೆಂಬರ್‌ನಲ್ಲಿ ಅವನ ಮಾವನ ಗದ್ದೆ ಕೊಯ್ಲು, ಆಮೇಲೆ ಎಲ್ಲ ಕೂಡಿಬಂದು ತೊಲೆ ಏರಿಸೋಣ ಎಂದರೆ ಪಂಚಾಂಗದಲ್ಲಿ ಅಂದು ಮನೆ ಎಬ್ಬಿಸಿದರೆ ಮೂರು ನೆರೆಮನೆಗೆ ಕೇಡು ಎನ್ನುವ ದಿನ, ಇವನಿಗಿರುವುದೇ ಎರಡು ನೆರೆಮನೆ, ಮೂರನೆಯದು ನರಿಯ ಬಿಲ, ಆದರೂ ಬೇಡ ಎಂದ ಮುರೋಯಿ. ಪ್ರತಿ ಸಲವೂ ಖುದ್ದಾಗಿ ಬರುತ್ತಾನೆ, ಅದೇ ಸಂಕಟ, ಟೋಪಿ ತೆಗೆದು, ಸಿಹಿ ಹುರುಳಿಯ ಮಿಠಾಯಿ ಡಬ್ಬಿ ಮುಂದಿಟ್ಟು, ತಲೆಬಾಗಿಸಿ, ದೊಡ್ಡ ತಪ್ಪಾಯ್ತು ತೊಕುಜಿಸಾನ್, ಆಗ ಇವನು ಅವನಿಗಿಂತ ಒಂದು ಗೇಣು ಕೆಳಗೆ ಬಾಗಿ, ಅಯ್ಯೋ, ಅವಸರವೇನಿಲ್ಲ ಮುರೋಯಿಸಾನ್, ನಿಮಗೆ ಅನುಕೂಲ ಆದಾಗ ಬನ್ನಿ — ಬೇರೆ ಏನನ್ನುವುದು, ಕೆಲಸಗಾರನ ಮುಖಕ್ಕೆ ಬೇಗ ಬಾ ಎನ್ನುವುದು ಮರ್ಯಾದಸ್ತರ ಮಾತೇ, ಮಿಠಾಯಿ ಡಬ್ಬಿ ಈಗ ಒಂಬತ್ತಾಗಿವೆ, ಇವನ ಹೊಟ್ಟೆಯೊಂದೇ ಈ ವರ್ಷ ಬೆಳೆದ ಕಟ್ಟಡ.

ಅವಸರ ಇಲ್ಲವೇ, ಅದೋ ತಳಪಾಯದ ಅಂಚಿನಲ್ಲಿ ಮೂಲಂಗಿ ಸರಿಸಿ ಕೂತಿದ್ದಾನಲ್ಲ ಇಸಾಬುರೊ ಅಜ್ಜ, ಎಂಬತ್ತೇಳು, ಈ ಕಣಿವೆಯಲ್ಲಿ ಮರದ ತೊಟ್ಟಿ ಕಟ್ಟಬಲ್ಲ ಕೊನೆಯ ಕೈ, ಅವನು ಕೆಲಸ ಮಾಡುತ್ತಿದ್ದ ಕೊಟ್ಟಿಗೆ ಹೋದ ಚಳಿಗಾಲ ಹಿಮದ ಭಾರಕ್ಕೆ ಕುಸಿಯಿತು, ನಿನ್ನ ಹಿತ್ತಿಲಲ್ಲಿ ಸೂರು ಎಬ್ಬಿಸು, ಅವತ್ತಿಂದ ಕಲಿಸ್ತೀನಿ ಎಂದಿದ್ದ, ಬಸ್ಸಿನಲ್ಲಿ ತೊಟ್ಟಿಗೆ ಒಂದು ಸೀಟು ತನಗೆ ಒಂದು ಸೀಟು ಹಿಡಿದು ಒಂದೇ ಟಿಕೆಟ್ ಕೊಳ್ಳುತ್ತಿದ್ದ ಜಿಪುಣ, ಕಲಿಸಲು ಮಾತ್ರ ಕಾಸು ಕೇಳಲಿಲ್ಲ. ಏನಯ್ಯಾ ಡ್ರೈವರೇ, ನಾನು ಇರೋವಾಗ್ಲೇ ಈ ಸೂರು ಏಳುತ್ತೋ, ಇಲ್ಲಾ ನನ್ನ ತಿಥಿಗೆ ಚಪ್ಪರ ಆಗುತ್ತೋ. ತೊಕುಜಿ ನಕ್ಕ, ಚಹಾ ಕೊಟ್ಟ, ಅಜ್ಜನ ಎರಡೂ ಕೈಯ ನಡುವೆ ಬಟ್ಟಲಿನ ಚಹಾ ಅಲುಗುತ್ತಿದೆ, ಗಾಳಿಗಿರಬೇಕು — ಅಗೋ ಲಾರಿ, ಮುರೋಯಿ, ಟೋಪಿ, ಹತ್ತನೆಯ ಡಬ್ಬಿ, ತಪ್ಪಾಯ್ತು ತೊಕುಜಿಸಾನ್, ಇನ್ನೇನು ಹಿಮ ಬಂದುಬಿಡುತ್ತೆ, ಮುಂದಿನ ಏಪ್ರಿಲ್‌ಗೆ ಇಟ್ಕೊಳ್ಳೋಣ್ವಾ, ಇವನ ಸೊಂಟ ತಾನಾಗಿಯೇ ಬಾಗತೊಡಗಿತು, ನಾಲಗೆ ತಾನಾಗಿಯೇ ಅವಸರವೇನಿ— ಎಂದಿತು, ಬಾಗಿದಾಗ ಅಜ್ಜನ ಕೈ ಕಣ್ಣಿನ ಮಟ್ಟಕ್ಕೇ ಬಂತು, ಹೆಬ್ಬೆರಳ ಮೇಲೆ ಚಹಾ ಚೆಲ್ಲಿದೆ, ಮುದುಕ ಅದನ್ನು ಗುಟ್ಟಾಗಿ ಪ್ಯಾಂಟಿಗೆ ಒರೆಸಿಕೊಳ್ಳುತ್ತಿದ್ದಾನೆ. ಅವಸರ ಇದೆ, ಎಂದ ತೊಕುಜಿ, ಹಿಂದಿನ ಸೀಟಿನವರಿಗೂ ಕೇಳುವ ದನಿಯಲ್ಲಿ, ತುಂಬಾ ಅವಸರ ಇದೆ. ಮುರೋಯಿ ಬಾಯಿ ಬಿಟ್ಟ. ಹಾಗಂತ ಮೊದ್ಲೇ ಹೇಳ್ಬಾರ್ದಿತ್ತಾ ತೊಕುಜಿಸಾನ್, ನೀವು ಅವಸರ ಇಲ್ಲ ಅಂದ್ರಿ ಅಂತ ಅವಸರ ಇದ್ದೋರ ಐದು ಮನೆ ಮುಗಿಸ್ದೆ, ನಾಳೆ ದಿನ ಚೆನ್ನಾಗಿಲ್ಲ, ನಾಡಿದ್ದು ಏಳು ಗಂಟೆಗೆ ಬಂದೆ ಅಂತ್ಲೇ ತಿಳ್ಕೊಳ್ಳಿ. ನಾಡಿದ್ದು, ಇಷ್ಟೇನಾ, ಒಂದು ಮಾತಿಗೆ ಐದು ಮನೆ, ಏಳು ತಿಂಗಳು, ಏಪ್ರಿಲ್‌ನಲ್ಲಿ ಅಜ್ಜನ ಇದೇ ಕೈ ಇವನಿಗೆ ತೋರಿಸಲೆಂದು ಕಾಗದದಷ್ಟು ತೆಳ್ಳಗೆ ಸಿಪ್ಪೆ ಎದ್ದು ಬರುವಂತೆ ಹಲಗೆಗೆ ಹತ್ತರಿ ಹೊಡೆದಿತ್ತು, ಒಂದೇ ಎಳೆತ, ನಡುಕವಿಲ್ಲ, ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ ತೊಕುಜಿಗೆ, ನಾಡಿದ್ದು ಏಳು ಗಂಟೆ, ಎಲೆಯೂ ಅಲುಗುತ್ತಿಲ್ಲ, ಗಾಳಿಯೇ ಇಲ್ಲ, ಬಟ್ಟಲಿನಲ್ಲಿ ಚಹಾ ಅಲುಗುತ್ತಿದೆ, ಚಹಾ ಅಲುಗುತ್ತಿದೆ