ಮಧ್ಯಾಹ್ನದ ಪುದೀನ

ಸುಮಿತ್ರಮ್ಮನವರಿಗೆ ಸಿಟ್ಟು ಬಂದರೆ ಬಾಯಿ ಮೊದಲು ಹೊರಡುತ್ತದೆ, ಬುದ್ಧಿ ಆಮೇಲೆ ಚಪ್ಪಲಿ ಮೆಟ್ಟಿಕೊಂಡು ಹಿಂದಿನಿಂದ ಓಡುತ್ತದೆ. ಅಕ್ಕನ ಬಳಗದ ಸಭೆಯಲ್ಲಿ ಆಗಿದ್ದೂ ಅದೇ. ಅರಸೀಕೆರೆಯ ಹಾರನಹಳ್ಳಿ ರಸ್ತೆಯ ಹೆಂಗಸರು ಸೇರಿ ವಚನ ಹಾಡುವ ಬಳಗ ಅದು. ವರ್ಷಕ್ಕೊಂದು ವಾರ್ಷಿಕೋತ್ಸವ, ಅದಕ್ಕೊಂದು ಆಮಂತ್ರಣ ಪತ್ರಿಕೆ. ಹೋದ ವರ್ಷ ಪತ್ರಿಕೆಯ ಅಕ್ಷರ ಜೋಡಿಸಿಕೊಟ್ಟ ಅಂಗಡಿಯವನು ‘ದಿವ್ಯ ಸಾನ್ನಿಧ್ಯ’ ಅನ್ನುವ ಸಾಲಿನ ಕೆಳಗೆ ಮೈಸೂರ್ ಪಾಕ್ ದಾನಿಗಳ ಹೆಸರು ಕೂರಿಸಿ, ಸ್ವಾಮೀಜಿಯವರನ್ನು ಪ್ರಸಾದದ ಸಾಲಿಗೆ ಇಳಿಸಿದ್ದ. ಸ್ವಾಮೀಜಿ ನಕ್ಕು ಸುಮ್ಮನಾದರು. ಬಳಗದ ಮಾನ ಮಾತ್ರ ಊರೆಲ್ಲ ಹರಾಜಾಯಿತು. ಈ ವರ್ಷವೂ ಅಧ್ಯಕ್ಷೆ ಪ್ರತಿಮಾ ಅದೇ ಅಂಗಡಿಯ ಹೆಸರೆತ್ತಿದಾಗ ಸುಮಿತ್ರಮ್ಮನವರಿಗೆ ತಡೆಯಲಾಗಲಿಲ್ಲ.

“ಅವನಿಗ್ಯಾಕ್ರೀ ಕೊಡ್ತೀರಾ? ನಾನೇ ಕಂಪ್ಯೂಟರಲ್ಲಿ ಮಾಡ್ಕೊಡ್ತೀನಿ ಬಿಡ್ರಿ!”

ಮೂಲೆಯಲ್ಲಿ ಯಾರೋ ಕಿಸಕ್ಕೆಂದರು, ಅದು ಜಮಖಾನದ ಉದ್ದಕ್ಕೂ ಹರಡಿತು.

ನಿವೃತ್ತ ಹೆಡ್‌ಮೇಡಂ ಪ್ರತಿಮಾ ಕನ್ನಡಕ ಕೆಳಗಿಳಿಸಿ ಕೇಳಿದರು: “ನೀವಾ? ನಿಮ್ಮ ಯಜಮಾನ್ರು ಕಂಪ್ಯೂಟರ್ ಮುಟ್ಟೋಕೆ ಬಿಡ್ತಾರೇನ್ರೀ?”

“ಪತ್ರಿಕೆ ಆಗ್ಲಿಲ್ಲ ಅಂದ್ರೆ ಇನ್ಮೇಲೆ ನಾನು ಬಳಗದಲ್ಲಿ ಹಾಡೋದೇ ಇಲ್ಲ. ಸಾಕಾ?”

ಹೀಗೆಂದು ಹೊರಗೆ ಬಂದು ಚಪ್ಪಲಿ ಮೆಟ್ಟುವಾಗಲೇ ಬುದ್ಧಿ ಬಂದು ಸೇರಿದ್ದು. ವಾರಕ್ಕೊಮ್ಮೆ ಆ ಜಮಖಾನದ ಮೇಲೆ ಕೂತು ಗಂಟಲು ಬಿಟ್ಟು ಹಾಡುವುದೇ ಅವರ ಜೀವ. ಅದನ್ನು ತಾವೇ ಪಣಕ್ಕಿಟ್ಟು ಬಂದಿದ್ದರು. ಹಾಳಾದ ಬಾಯಿ!

ಪ್ರತಿಮಾ ಕೇಳಿದ್ದು ಸುಳ್ಳೂ ಅಲ್ಲ. ಗಂಡ ಏಕಾಂತಯ್ಯ ಕೊಬ್ಬರಿ ಮಂಡಿಯ ವ್ಯಾಪಾರಿ. ಬೆಳಗ್ಗೆ ಮಂಡಿ, ಮಧ್ಯಾಹ್ನ ಮುದ್ದೆ ಊಟ, ಆಮೇಲೆ ನಡುಮನೆಯ ಮಂಚದ ಮೇಲೆ ನಿದ್ದೆ. ಎದ್ದು ಕಾಫಿ ಕುಡಿದು, ಪಕ್ಕದ ಮೇಜಿನ ಮೇಲಿದ್ದ ಹಳೇ ಕಂಪ್ಯೂಟರಿನಲ್ಲಿ ಇಸ್ಪೀಟಾಟ. ಒಮ್ಮೆ ಸುಮಿತ್ರಮ್ಮ ಧೂಳು ಒರೆಸುತ್ತ ಏನೋ ಒತ್ತಿ ಆ ಇಸ್ಪೀಟಾಟವೇ ಮಾಯವಾಗಿತ್ತು. ಅವತ್ತು ಏಕಾಂತಯ್ಯ ಅದಕ್ಕೊಂದು ಪಾಸ್‌ವರ್ಡ್ ಜಡಿದು, “ಇದೊಂದು ಬಿಟ್ಟು ಮನೇಲಿ ಏನು ಬೇಕಾದ್ರೂ ಮುಟ್ಟೇ” ಅಂದಿದ್ದರು. ಕಂಪ್ಯೂಟರೂ ಪಾಪ ಮುದಿಯಾಗಿತ್ತು. ಗುಂಡಿ ಒತ್ತಿದರೆ ಏಳುವ ಹೊತ್ತಿಗೆ ಒಲೆಯ ಮೇಲೆ ಹಾಲು ಉಕ್ಕುತ್ತಿತ್ತು. ಬೇಲೂರಿನ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮಾಡುವ ಸಿರಿ, ಸುಮಿತ್ರಮ್ಮನ ತಂಗಿಯ ಮಗಳು, ಹಿಂದೊಮ್ಮೆ ಬಂದಾಗ ಅದಕ್ಕೆ ಲಿನಕ್ಸ್ ಮಿಂಟ್ ಅನ್ನುವ ಬೇರೆ ಆಪರೇಟಿಂಗ್ ಸಿಸ್ಟಮ್ ಹಾಕಿಕೊಡುತ್ತೇನೆ, ಹಗುರ, ಹೊಸಬರಿಗೆ ಸಲೀಸು, ಕಾಸೂ ಕೊಡಬೇಕಿಲ್ಲ ಎಂದಿದ್ದಳು.

“ಬಿಟ್ಟೀನಾ? ಬ್ಯಾಡ ತಾಯಿ. ಬಿಟ್ಟಿ ಕೊಬ್ಬರಿ ಒಳಗೆ ಬರೀ ಹುಳ ಇರ್ತೈತೆ” ಎಂದು ಏಕಾಂತಯ್ಯ ಮಾತು ಮುಗಿಸಿದ್ದರು.

ಈಗ ಸುಮಿತ್ರಮ್ಮ ಗುಟ್ಟಾಗಿ ಸಿರಿಗೆ ಫೋನ್ ಮಾಡಿದರು. ಭಾನುವಾರ ಬೇಲೂರಿನ ಬಸ್ ಇಳಿದು ಬಂದ ಸಿರಿ, ದೊಡ್ಡಪ್ಪ ಮಲಗಿದ ಮೇಲೆ ಒಂದು ಪೆನ್‌ಡ್ರೈವ್ ಚುಚ್ಚಿದಳು.

“ನೋಡಿ ದೊಡ್ಡಮ್ಮ, ಇದನ್ನ ಒಳಗೆ ಹಾಕೋದೇ ಬೇಡ. ಸುಮ್ನೆ ಟ್ರೈ ಮಾಡ್ಬಹುದು. ಪೆನ್‌ಡ್ರೈವ್ ಇದ್ರೆ ಇದು ಬರುತ್ತೆ, ತೆಗೆದ್ರೆ ದೊಡ್ಡಪ್ಪಂದು ಬರುತ್ತೆ. ಆಫ್ ಮಾಡಿದ್ರೆ ನೀವು ಮಾಡಿದ್ದರ ಗುರುತೂ ಉಳಿಯಲ್ಲ.”

ಪರದೆಯ ಮೇಲೆ ತಣ್ಣಗಿನ ಹಸಿರು ಮೂಡಿತು. ಪಾಸ್‌ವರ್ಡ್ ಕೇಳಲಿಲ್ಲ, ಯಾರಮ್ಮ ನೀನು ಅನ್ನಲಿಲ್ಲ. ಮಿಂಟ್ ಅಂದರೆ ಪುದೀನ ಎಂದು ಸಿರಿ ಹೇಳಿದ್ದೇ ತಡ, ಸುಮಿತ್ರಮ್ಮನವರಿಗೆ ಅದು ಪುದೀನವೇ ಆಯಿತು. ಕನ್ನಡ ಕೀಲಿಮಣೆ ಎಲ್ಲಿ ಆರಿಸುವುದು, ಬರೆಯುವ ಹಾಳೆ ಎಲ್ಲಿ ತೆರೆಯುವುದು, ಅಕ್ಷರ ದಪ್ಪ ಮಾಡುವುದು, ಅಂಚು ಕಟ್ಟುವುದು, ಎಲ್ಲ ತೋರಿಸಿ ಸಿರಿ ಸಂಜೆ ಬಸ್ಸಿಗೆ ಹೊರಟಳು.

ಅಲ್ಲಿಂದ ಶುರು. ಗಂಡನ ಮೊದಲ ಗೊರಕೆ ಕೇಳಿದ ಕೂಡಲೇ ಸುಮಿತ್ರಮ್ಮ ಸೆರಗಿನ ಗಂಟಿನಿಂದ ಪೆನ್‌ಡ್ರೈವ್ ಬಿಚ್ಚಿ ಚುಚ್ಚುವರು. ಗೊರಕೆ ನಡೆಯುವಷ್ಟು ಹೊತ್ತು ಬೆರಳು ನಡೆಯುವುದು, ಗೊರಕೆ ತಡವರಿಸಿದರೆ ಬೆರಳು ಗಾಳಿಯಲ್ಲೇ ನಿಲ್ಲುವುದು. ಮೊದಲ ದಿನ ‘ಶ್ರೀ’ ಎಂಬ ಒಂದಕ್ಷರಕ್ಕೇ ಬೆವರಿಳಿಯಿತು. ಕೊನೆಗೆ ಅದು ಪರದೆಯ ನಡುವೆ ದುಂಡಗೆ ಬಂದು ಕೂತಾಗ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು. ಎಷ್ಟೋ ವರ್ಷಗಳಿಂದ ಅವರಿಗೆ ಅಂಥ ಸುಖ ಆಗಿರಲಿಲ್ಲ. ಗಂಡ ಏಳುವ ಮೊದಲು ಆಫ್ ಮಾಡಿ ಪೆನ್‌ಡ್ರೈವ್ ಸೆರಗಿಗೆ ಕಟ್ಟಿ, ಏನೂ ಅರಿಯದವರಂತೆ ಕಾಫಿಗೆ ನೀರಿಡುವರು.

ಮರುದಿನ ನೋಡಿದರೆ ಬರೆದದ್ದೆಲ್ಲ ಮಂಗಮಾಯ. ಕನ್ನಡ ಕೀಲಿಯೂ ಇಲ್ಲ. ಬೇರೆ ಯಾರಾದರೂ ಆಗಿದ್ದರೆ ತಲೆ ಚಚ್ಚಿಕೊಳ್ಳುತ್ತಿದ್ದರು. ಸುಮಿತ್ರಮ್ಮ ಚಚ್ಚಿಕೊಳ್ಳಲಿಲ್ಲ. ಉಳಿಯಲ್ಲ ಅಂತ ಸಿರಿ ಹೇಳಿದ್ದಳಲ್ಲ, ಅದರ ಗುಣವೇ ಹಾಗೆ ಎಂದುಕೊಂಡರು. ದಿನಾ ಬೆಳಗ್ಗೆ ಬಾಗಿಲು ಸಾರಿಸಿ ರಂಗೋಲಿ ಬಿಡುವ ಹೆಂಗಸು, ನಿನ್ನೆಯ ರಂಗೋಲಿ ಎಲ್ಲಿ ಹೋಯಿತು ಅಂತ ಅಳುತ್ತಾಳೆಯೇ? ನೀರು ಹಾಕಿ ಮತ್ತೆ ಚುಕ್ಕಿ ಇಡುತ್ತಾಳೆ, ಅಷ್ಟೆ. ಇವರೂ ಹಾಗೇ ಪ್ರತಿ ಮಧ್ಯಾಹ್ನ ಕೀಲಿ ಆರಿಸಿ, ಹಾಳೆ ತೆರೆದು, ಪತ್ರಿಕೆಯನ್ನು ‘ಶ್ರೀ’ಯಿಂದ ‘ಸರ್ವರಿಗೂ ಸ್ವಾಗತ’ದವರೆಗೆ ಹೊಸದಾಗಿ ಬರೆದರು. ಒಂದು ದಿನ ಅಂಚಿಗೆ ಬಳ್ಳಿ, ಇನ್ನೊಂದು ದಿನ ಬಿಲ್ವಪತ್ರೆ. ಬೆರಳು ತಾನಾಗಿ ಓಡತೊಡಗಿತು.

ಪತ್ರಿಕೆ ಅಚ್ಚಿಗೆ ಹೋಗಬೇಕಾದ ದಿನ ಬಂತು. ಅದು ಮದುವೆ ಸೀಜನ್ನು. ಇವತ್ತು ಸಂಜೆ ಬಾಗಿಲು ಹಾಕುವುದರೊಳಗೆ ಕೊಡದಿದ್ದರೆ ಕಾರ್ಯಕ್ರಮ ಮುಗಿದ ಮೇಲೆಯೇ ಅಚ್ಚು ಎಂದು ಪ್ರೆಸ್ಸಿನವನು ಕಡ್ಡಿ ಮುರಿದಂತೆ ಹೇಳಿದ್ದ. ಸಿರಿ ಕಾಲೇಜು ಮುಗಿಸಿ ಬಂದು, ಬರೆದದ್ದನ್ನು ತನ್ನ ಪೆನ್‌ಡ್ರೈವಿಗೆ ತುಂಬಿಕೊಂಡು ಹೋಗಿ ಕೊಡುವುದೆಂದು ಮಾತಾಗಿತ್ತು. ಸುಮಿತ್ರಮ್ಮ ಅವತ್ತು ಎಂದಿಗಿಂತ ಚೆಂದ ಬರೆದರು. ಕೊನೆಯ ಸಾಲಿಗೆ ಬಂದಿದ್ದರು, ಆಗ ಕರೆಂಟು ಹೋಯಿತು.

ಪರದೆ ಕಪ್ಪಾಯಿತು. ಫ್ಯಾನು ನಿಂತಿತು. ಫ್ಯಾನು ನಿಂತ ಮೇಲೆ ಗೊರಕೆಯೂ ನಿಂತಿತು.

“ಉಸ್ಸಪ್ಪಾ, ಏನ್ ಸೆಖೆ!” ಏಕಾಂತಯ್ಯ ಎದ್ದು ಕೂತು ಕಣ್ಣುಜ್ಜಿಕೊಂಡರು. “ಅಲ್ಲೇನೇ ಮಾಡ್ತಿದ್ದೀಯಾ?”

“ಧೂಳು ಒರೆಸ್ತಿದ್ದೆ ಕಣ್ರೀ.”

ಪೆನ್‌ಡ್ರೈವ್ ಕೀಳಲು ಕೈ ಚಾಚುವಷ್ಟರಲ್ಲಿ ಗೇಟಿನ ಸದ್ದಾಯಿತು. ಪತ್ರಿಕೆ ನೋಡಿಯೇ ಅಚ್ಚಿಗೆ ಕಳಿಸಬೇಕೆಂದು ಪ್ರತಿಮಾ ಬಳಗದ ಹೆಂಗಸರನ್ನು ಕಟ್ಟಿಕೊಂಡು ಬಂದಿದ್ದರು. ಅವರ ಹಿಂದೆಯೇ ಓಡುತ್ತ ಬಂದಳು ಸಿರಿ. ಎಲ್ಲರನ್ನೂ ಕೂರಿಸಿ ನೀರು ಕೊಡುವಷ್ಟರಲ್ಲಿ ಕರೆಂಟು ಮತ್ತೆ ಬಂತು. ಏಕಾಂತಯ್ಯ ತಮ್ಮ ಕುರ್ಚಿಯಲ್ಲಿ ಕೂತು ಗುಂಡಿ ಒತ್ತಿದರು. ಕೀಳದೆ ಉಳಿದಿದ್ದ ಪೆನ್‌ಡ್ರೈವಿನಿಂದ ಹಸಿರು ಪರದೆ ತೆರೆದುಕೊಂಡಿತು.

“ಲೇ! ನನ್ನ ಕಂಪ್ಯೂಟರ್‌ಗೆ ಏನಾಗೈತೆ? ನನ್ನ ಇಸ್ಪೀಟ್ ಎಲ್ಲೇ? ಯಾರೋ ಬದಲಾಯ್ಸವ್ರೆ ಕಣೇ!”

ಸುಮಿತ್ರಮ್ಮನವರಿಗೆ ನೆಲ ಬಿರಿದು ತಮ್ಮನ್ನು ನುಂಗಬಾರದೇ ಅನ್ನಿಸಿತು. ಗಂಡನ ಕಣ್ಣು ಒಂದು ಕಡೆ, ಪ್ರತಿಮಾ ಕನ್ನಡಕ ಒಂದು ಕಡೆ. ಆದರೂ ಧೈರ್ಯ ಮಾಡಿದರು.

“ಅದು ಪುದೀನ ಕಣ್ರೀ. ನಿಮ್ಮ ಇಸ್ಪೀಟಿಗೆ ಏನೂ ಆಗಿಲ್ಲ. ನಾನೇ ಹಾಕಿದ್ದು.”

“ದೊಡ್ಡಮ್ಮ, ಸೇವ್ ಮಾಡಿದ್ರಾ?” ಸಿರಿ ಗಾಬರಿಯಾಗಿ ಕೇಳಿದಳು.

“ಹಂಗಂದ್ರೆ?”

“ಬರೆದಿದ್ದನ್ನ ಉಳಿಸಿಡೋದು! ಬೇರೆ ಪೆನ್‌ಡ್ರೈವ್‌ನಲ್ಲಿ ಉಳಿಸ್ಕೋಬಹುದಿತ್ತು ದೊಡ್ಡಮ್ಮ. ಇಷ್ಟು ದಿನ ಏನ್ ಮಾಡ್ತಿದ್ರಿ ಹಾಗಾದ್ರೆ?”

“ದಿನಾ ಹೊಸದಾಗಿ ಬರೀತಿದ್ದೆ ಕಣೇ.”

ಸಿರಿ ತಲೆ ಮೇಲೆ ಕೈ ಹೊತ್ತು ಮಂಚದ ಮೇಲೆ ಕೂತಳು. ಪ್ರತಿಮಾ ಗೋಡೆ ಗಡಿಯಾರ ನೋಡಿ, “ಹೋಗ್ಲಿ ಬಿಡ್ರೀ ಸುಮಿತ್ರಮ್ಮ, ಪ್ರಯತ್ನ ಪಟ್ರಲ್ಲ, ಅದೇ ದೊಡ್ಡದು” ಅಂದರು. ಆ ಮೆತ್ತನೆಯ ದನಿ ಸುಮಿತ್ರಮ್ಮನವರಿಗೆ ಬೈಗುಳಕ್ಕಿಂತ ಜೋರಾಗಿ ನಾಟಿತು.

“ರೀ, ಸ್ವಲ್ಪ ಏಳ್ರೀ” ಅಂದರು ಗಂಡನಿಗೆ.

ಏಕಾಂತಯ್ಯ ತಬ್ಬಿಬ್ಬಾಗಿ ಎದ್ದರು. ಸುಮಿತ್ರಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಕೂತರು. ಕೀಲಿ ಬಂತು, ಹಾಳೆ ಬಂತು, ‘ಶ್ರೀ’ ಬಂತು. ದಿವ್ಯ ಸಾನ್ನಿಧ್ಯದ ಕೆಳಗೆ ಸ್ವಾಮೀಜಿಯವರು ತಮ್ಮ ಎಲ್ಲ ಬಿರುದುಗಳ ಸಮೇತ ಬಂದು ಕೂತರು. ಅಧ್ಯಕ್ಷತೆ, ಉದ್ಘಾಟನೆ, ವಚನ ಗಾಯನ, ದಾನಿಗಳು, ಎಲ್ಲ ತಮ್ಮ ತಮ್ಮ ಜಾಗಕ್ಕೆ ಸರಸರ ಇಳಿದವು. ಸುಮಿತ್ರಮ್ಮ ಎಲ್ಲೂ ನಿಲ್ಲಲಿಲ್ಲ, ಯಾವ ಚೀಟಿಯನ್ನೂ ನೋಡಲಿಲ್ಲ. ಕೊನೆಗೆ ಸುತ್ತ ಬಿಲ್ವಪತ್ರೆಯ ಅಂಚು ಕಟ್ಟಿದಾಗ ಹೆಂಗಸರೆಲ್ಲ ಕುರ್ಚಿಯ ಹಿಂದೆ ಗುಂಪುಗಟ್ಟಿದ್ದರು. ಸಿರಿ ಬಾಯಿ ತೆರೆದವಳು ಮುಚ್ಚಿರಲಿಲ್ಲ.

“ಅಬ್ಬಬ್ಬಾ! ಒಂದು ತಪ್ಪಿಲ್ವಲ್ರೀ” ಅಂದರು ಪ್ರತಿಮಾ. ಅವರ ದನಿ ಈಗ ನಿಜವಾಗಿ ಮೆತ್ತಗಾಗಿತ್ತು. “ಈ ಸಲ ಮೊದಲ ವಚನ ನೀವೇ ಹಾಡ್ಬೇಕು.”

ಏಕಾಂತಯ್ಯ ಮಾತ್ರ ಹೆಂಡತಿಯ ಬೆರಳುಗಳನ್ನೇ ನೋಡುತ್ತಿದ್ದರು. “ಯಾವಾಗ ಕಲ್ತೆ ಇದನ್ನೆಲ್ಲಾ?”

“ನೀವು ಗೊರಕೆ ಹೊಡೀತಿದ್ದಾಗ ಕಣ್ರೀ. ಇಲ್ಲೇ, ನಿಮ್ಮ ಪಕ್ಕದಲ್ಲೇ.”

ಹೆಂಗಸರು ಗೊಳ್ಳೆಂದು ನಕ್ಕರು. ಏಕಾಂತಯ್ಯ ನಗಲಿಲ್ಲ. ಬಗ್ಗಿ, ಮಂಡಿಯಲ್ಲಿ ಕೊಬ್ಬರಿ ನೋಡುವ ಕಣ್ಣಲ್ಲಿ ಪರದೆಯನ್ನು ಮೇಲಿಂದ ಕೆಳಗಿನವರೆಗೆ ನೋಡಿದರು.

“ಎಲ್ಲಾ ಸರಿ ಐತೆ. ಮಾಡಿದೋರ ಹೆಸರೇ ಇಲ್ವಲ್ಲೇ? ಗುರುತಿಲ್ದಿರೋ ಮೂಟೆ ಮಂಡೀಲಿ ಯಾರು ಮುಟ್ತಾರೆ? ಕೆಳಗೆ ನಿನ್ನ ಹೆಸರು ಹಾಕು.”

‘ಅಕ್ಷರ ಜೋಡಣೆ’ ಅಂತ ಸುಮಿತ್ರಮ್ಮ ಸಲೀಸಾಗಿ ಹೊಡೆದರು. ಆಮೇಲೆ ಬೆರಳು ನಿಂತುಬಿಟ್ಟಿತು. ಇಷ್ಟು ಮಧ್ಯಾಹ್ನಗಳಲ್ಲಿ ಸ್ವಾಮೀಜಿಯವರ ಹೆಸರು, ಪ್ರತಿಮಾ ಹೆಸರು, ಮೈಸೂರ್ ಪಾಕ್ ದಾನಿಗಳ ಹೆಸರು ಎಲ್ಲ ಮತ್ತೆ ಮತ್ತೆ ಬರೆದಿದ್ದರು. ತಮ್ಮ ಹೆಸರನ್ನು ಒಂದು ಸಲವೂ ಬರೆದಿರಲಿಲ್ಲ. ಎಲ್ಲ ಗೊತ್ತಿದ್ದ ಅಕ್ಷರಗಳೇ, ಆದರೂ ಬೆರಳು ನಾಚಿಕೊಂಡು ಕೀಲಿಗಳ ಮೇಲೆ ಅಲೆಯಿತು. ಕಣ್ಣು ಬೇರೆ ತುಂಬಿಕೊಂಡು ಏನೂ ಕಾಣಿಸದು.

“ಪ್ರೆಸ್ಸು ಬಾಗಿಲು ಹಾಕೋ ಹೊತ್ತಾಯ್ತು” ಎಂದಳು ಸಿರಿ.

ಏಕಾಂತಯ್ಯ ಜೇಬಿನಿಂದ ಫೋನ್ ತೆಗೆದು ಪ್ರೆಸ್ಸಿನವನಿಗೆ ಹಚ್ಚಿದರು. “ಏ, ಬಾಗಿಲು ಹಾಕ್ಬ್ಯಾಡ ಕಣಯ್ಯಾ. ಸ್ವಲ್ಪ ತಡೀ. ನಮ್ಮನೆಯೋರು ಹೆಸರು ಬರೀತಾವ್ರೆ.”