ತಾಮ್ರದ ಬಸವನಹುಳು

ಸತ್ತ ಫ್ರಿಜ್ಜಿನ ಬೆನ್ನು ನೋಡಿದರೆ ಸಾಕು, ಅದಕ್ಕೆ ಯಾರ್ಯಾರು ಮದ್ದು ಮಾಡಿದ್ದರೆಂದು ದಮ್ಯಾನಾ ಹೇಳಿಬಿಡುತ್ತಿದ್ದಳು. ರಿಪೇರಿಯವನು ಗ್ಯಾಸ್ ತುಂಬಿಸಿ, ತಾಮ್ರದ ಕೊಳವೆಯ ತುದಿಯನ್ನು ಇಕ್ಕಳದಿಂದ ಅಮುಕಿ ಮಡಿಸುತ್ತಾನಲ್ಲ, ಆ ಮಡಿಕೆಯೇ ಅವನ ಕೈಬರಹ. ಇಂಬಾಬಾದ ಎಡಚ, ಬೆಸುಗೆಯಲ್ಲೂ ಜಿಪುಣತನ ಮಾಡುವ ಗೀಜಾದ ಪುಣ್ಯಾತ್ಮ, ಒಂದು ಮಡಿಕೆ ಸಾಲದೆಂದು ನಾಲ್ಕು ಹಾಕುವ ಪುಕ್ಕಲ. ಒಬ್ಬರ ಮುಖವನ್ನೂ ಅವಳು ಕಂಡವಳಲ್ಲ. ಕೈರೋದ ಮುಖತ್ತಮ್ ಗುಡ್ಡದ ಬುಡದಲ್ಲಿ, ತನ್ನ ಗುಜರಿ ಅಂಗಳದಲ್ಲಿ ಕೂತು, ಅವರ ಕೆಲಸವನ್ನೆಲ್ಲ ಕತ್ತರಿಸಿ ತಾಮ್ರ ಬೇರೆ, ಕಬ್ಬಿಣ ಬೇರೆ ಮಾಡಿ ಮಾರುತ್ತಿದ್ದಳು. ಎಂಟು ವರ್ಷದಿಂದ ಮಗಳನ್ನು ಸಾಕಿದ್ದೇ ಈ ಸತ್ತ ಫ್ರಿಜ್ಜುಗಳು.

ಆ ಬೆಳಿಗ್ಗೆ ಶನೂದಾ ಒಂದು ಬಿಳಿ ಫ್ರಿಜ್ ಇಳಿಸಿದ. "ಬೀಕ್ಯಾ, ಬೀಕ್ಯಾ" ಎಂದು ಬೀದಿ ಬೀದಿ ಕೂಗಿ ಹಳೇ ಸಾಮಾನು ಕೊಳ್ಳುವವನು ಅವನು. ಮೂರು ಗಾಲಿಯ ಗಾಡಿ, ಮೂರು ಊರಿಗೆ ಸಾಲುವಷ್ಟು ಬಾಯಿ.

"ಹೊಸದರ ಹಾಗಿದೆಯಲ್ಲಣ್ಣ. ಇದಕ್ಕೇನು ರೋಗ?"

"ತಣ್ಣಗಾಗಲ್ವಂತೆ. ನನ್ನ ಹೆಂಡ್ತಿ ಥರ, ಹೊರಗೆ ಬೆಳ್ಳಗೆ, ಒಳಗೆ ಬರೀ ಬಿಸಿ."

ನಗುತ್ತ ಫ್ರಿಜ್ ತಿರುಗಿಸಿದ ದಮ್ಯಾನಾ ಕೊಳವೆಯ ಹತ್ತಿರಕ್ಕೆ ಬಗ್ಗಿದಳು. ಕೊಳವೆಯ ತುದಿ ಬಸವನಹುಳುವಿನ ಹಾಗೆ ಎರಡು ಸುತ್ತು ಸುತ್ತಿ, ಬಾಲವನ್ನು ಅಡಿಗೆ ಸಿಕ್ಕಿಸಿಕೊಂಡಿತ್ತು. ಹೀಗೆ ಮಡಿಸುತ್ತಿದ್ದ ಕೈ ಇಡೀ ಕೈರೋದಲ್ಲಿ ಒಂದೇ. ಫ್ರಿಜ್ ರಿಪೇರಿ ಮಾಡುತ್ತಿದ್ದ ಅವಳ ಗಂಡ ಫಾನೂಸನದು.

ಫಾನೂಸ್ ಲಿಬಿಯಾಕ್ಕೆ ದುಡಿಯಲು ಹೋಗಿ ಒಂಬತ್ತು ವರ್ಷ. ಮೊದಲ ವರ್ಷ ಎರಡು ಸಲ ಫೋನು ಬಂತು, ಆಮೇಲೆ ಇಲ್ಲ. ಸಮುದ್ರ ನುಂಗಿತು ಅಂದರು ಕೆಲವರು, ಇನ್ನೊಬ್ಬಳನ್ನು ಕಟ್ಟಿಕೊಂಡ ಅಂದರು ಕೆಲವರು. ತಾನು ಹೆಂಡತಿಯೋ ವಿಧವೆಯೋ ತಿಳಿಯದೆ ದಮ್ಯಾನಾ ಇನ್ನೂ ಶೋಕದ ಕಪ್ಪು ತೊಟ್ಟಿರಲಿಲ್ಲ. ಈಗ ನೋಡಿದರೆ, ಫ್ರಿಜ್ಜಿನ ಬೆನ್ನಿನ ತಗಡು ಅದು ತಯಾರಾಗಿ ನಾಲ್ಕೇ ವರ್ಷ ಅನ್ನುತ್ತಿದೆ. ಒಂಬತ್ತು ವರ್ಷದ ಹಿಂದೆ ಹೋದವನು ಅದಕ್ಕೆ ಮಡಿಕೆ ಹಾಕಿದ್ದು ಹೇಗೆ?

ಮಡಿಕೆಯ ತಿರುವಿನಲ್ಲಿ ಕೂದಲೆಳೆಯಷ್ಟು ಸೀಳಿತ್ತು, ಸುತ್ತ ಎಣ್ಣೆಯ ಕಲೆ. ಗ್ಯಾಸ್ ಸೋರಿದ್ದು ಅಲ್ಲೇ. ಫಾನೂಸನ ಮಡಿಕೆ ಎಂದೂ ಸೀಳಿದ್ದಿಲ್ಲ. ವಯಸ್ಸಾಯಿತು, ಕೈ ನಡುಗಿರಬೇಕು ಎಂದು ಅವಳೇ ಸಮಾಧಾನ ಹೇಳಿಕೊಂಡಳು. ಆಸೆಗೆ ಬುದ್ಧಿ ಹೇಳಿದವರು ಯಾರಿದ್ದಾರೆ?

ಮಡಿಕೆಯನ್ನು ಕತ್ತರಿಸಿ ಕರವಸ್ತ್ರದಲ್ಲಿ ಗಂಟು ಹಾಕಿಕೊಂಡಳು. "ನನ್ನ ಆ ಮನೆಗೆ ಕರ್ಕೊಂಡು ಹೋಗಣ್ಣ."

"ಕೊಂಡ ಮನೆಗೆ ವಾಪಸ್ ಹೋಗಬಾರದು ಕಣಮ್ಮ. ಒಳಗೆ ಚಿನ್ನ ಸಿಕ್ಕಿತು ಅಂದ್ಕೋತಾರೆ." ಆದರೆ ಅವಳು ಗಂಟು ಬಿಚ್ಚಿ, ಇದು ಫಾನೂಸನ ಮಡಿಕೆ ಎಂದ ಮೇಲೆ ಅವನ ತಲೆಗೂ ಹುಳ ಹೊಕ್ಕಿತು. ಗಾಡಿ ಹೊರಟಿತು.

ದಾರಿಯುದ್ದಕ್ಕೂ ಒಂದೇ ಯೋಚನೆ. ಕೂದಲು ನೆರೆತಿರಬಹುದೇ? ಇದೇ ಊರಿನಲ್ಲಿದ್ದು ಮನೆಗೆ ಯಾಕೆ ಬರಲಿಲ್ಲ? ಮೊದಲು ಬಯ್ಯಲೋ, ಅಳಲೋ ಎಂಬುದು ಬಾಯಿಂದಲೇ ಹೊರಬಿತ್ತು.

"ಮೊದಲು ಹೊಡಿ," ಎಂದ ಶನೂದಾ. "ಅತ್ತ ಮೇಲೆ ಹೊಡೆಯೋಕೆ ಕೈ ಬರಲ್ಲ."

ಶುಬ್ರಾದ ಆ ಮನೆಯಾಕೆ ಮೂರನೇ ಮಹಡಿಯಿಂದಲೇ ಬಗ್ಗಿ ನೋಡಿದಳು. "ಏನು ಸಿಕ್ತು ಅದರೊಳಗೆ? ಸಿಕ್ಕಿದ್ದು ನಂದು, ಈಗಲೇ ಹೇಳಿದೀನಿ."

"ನೋಡಿದ್ಯಾ?" ಎಂದು ಶನೂದಾ ಗೊಣಗಿದ.

ಏನೂ ಸಿಕ್ಕಿಲ್ಲವೆಂದು ದಮ್ಯಾನಾ ಚರ್ಚಿನ ಪವಿತ್ರ ಕನ್ಯೆಯ ಮೇಲೆ ಆಣೆಯಿಟ್ಟ ಮೇಲೆ ಆಕೆ ರಿಪೇರಿ ಅಂಗಡಿಯ ಗುರುತು ಹೇಳಿದಳು. "ರೈಲು ಸೇತುವೆ ಆಚೆ, ಬೇಯಿಸಿದ ಕಾಳು ಮಾರೋ ಫೂಲ್ ಗಾಡಿ ಎದುರಿಗೆ. ಆರು ತಿಂಗಳು ಗ್ಯಾರಂಟಿ ಅಂದ್ರು. ಏಳನೇ ತಿಂಗಳಿಗೇ ಕೆಟ್ಟು ಕೂತಿತು."

ಅಂಗಡಿಯಲ್ಲಿ ಒಂದು ಫ್ರಿಜ್ ಬಾಗಿಲಿಗೆ ಮುಖ ಮಾಡಿ ನಿಂತಿತ್ತು. ಅದರ ಹಿಂದೆ ರಬ್ಬರ್ ಚಪ್ಪಲಿಯ ಎರಡು ಪಾದ, ಎಣ್ಣೆಗಪ್ಪು ಹಿಡಿದ ಪ್ಯಾಂಟು. ದಮ್ಯಾನಾ "ಫಾನೂಸ್" ಅಂದಳು.

ಹಿಂದಿನಿಂದ ಎದ್ದು ಬಂದದ್ದು ಅವಳ ಹತ್ತೊಂಬತ್ತರ ಮಗಳು ಇರೀನಿ. ಮೂಗಿನ ಮೇಲೆ ಮಸಿ, ಕೈಯಲ್ಲಿ ಇಕ್ಕಳ. ಮೂರು ವರ್ಷದಿಂದ ದಿನಾ ಬೆಳಿಗ್ಗೆ ಅತಬಾ ಪೇಟೆಯ ಅಂಗಿಗುಂಡಿ ಅಂಗಡಿಗೆ ಕೆಲಸಕ್ಕೆ ಹೋಗುತ್ತೇನೆಂದು ಹೊರಡುತ್ತಿದ್ದವಳು.

ದಮ್ಯಾನಾ ಅಲ್ಲೇ ಒಂದು ಡಬ್ಬದ ಮೇಲೆ ಕುಸಿದಳು. ಬೆಳಿಗ್ಗೆ ಬದುಕಿಬಂದ ಗಂಡ ಮಧ್ಯಾಹ್ನಕ್ಕೆ ಮತ್ತೆ ಹೋಗಿಬಿಟ್ಟ. ಯಾರು ನೋಡಿದರೂ ಸರಿಯೆಂದು ಜೋರಾಗಿ ಅತ್ತಳು.

"ಗುಂಡಿ ಅಂಗಡಿ ಅಂದ್ಯಲ್ಲೇ," ಎಂದಳು ಕೊನೆಗೆ.

"ನೀನೇ ಅಲ್ವಾ ಅಮ್ಮ, ಈ ಕಸುಬು ನಮ್ಮ ಹೊಸಿಲು ದಾಟಬಾರದು ಅಂದಿದ್ದು? ಅಪ್ಪನ್ನ ಊರು ಬಿಡಿಸಿದ್ದೇ ಇದು ಅಂತ."

"ಈ ಮಡಿಕೆ ಯಾರು ಕಲಿಸಿದ್ರು?"

"ಅಪ್ಪ ಮಾಡೋದನ್ನ ನೋಡಿದ್ದೆ."

ಶನೂದಾನಿಗೆ ತಡೆಯಲಾಗಲಿಲ್ಲ. "ಚೆನ್ನಾಗಿದೆ. ಮಗಳು ಬದುಕಿಸ್ತಾಳೆ, ತಾಯಿ ಕತ್ತರಿಸ್ತಾಳೆ."

ದಮ್ಯಾನಾ ಗಂಟು ಬಿಚ್ಚಿ ತಾಮ್ರದ ತುಂಡನ್ನು ಮಗಳ ಅಂಗೈಗೆ ಹಾಕಿದಳು. ಇರೀನಿ ಅದನ್ನು ಬೆಳಕಿಗೆ ಹಿಡಿದು ಸೀಳನ್ನು ನೋಡಿದಳು. ಮುಖ ಸಣ್ಣದಾಯಿತು.

"ನಂದು ಎಲ್ಲಾ ಹೀಗೇ ಆಗ್ತಿದೆ ಅಮ್ಮ. ಆರೇಳು ತಿಂಗಳಿಗೆ ಸೋರ್ತವೆ. ಅಪ್ಪನ ಹಾಗೇ ಸುತ್ತುತೀನಿ, ಎಲ್ಲಿ ತಪ್ತೀನೋ ಗೊತ್ತಾಗ್ತಿಲ್ಲ."

ಎಲ್ಲಿ ಎಂದು ದಮ್ಯಾನಾಳಿಗೆ ಗೊತ್ತಿತ್ತು. ಫಾನೂಸ್ ತಾಮ್ರವನ್ನು ಮೊದಲು ಕೆಂಪಗೆ ಕಾಯಿಸುತ್ತಿದ್ದ. ಅದು ಮೆತ್ತಗಾಗಿ, ತಣಿದ ಮೇಲೆಯೇ ಸುತ್ತುತ್ತಿದ್ದ. ಕಾಯಿಸುವಾಗ ಕೊಳವೆ ಹಿಡಿದು ಪಕ್ಕದಲ್ಲಿ ಕೂರುತ್ತಿದ್ದವಳು ಅವಳೇ. ಮಗು ಮಾತ್ರ ಆಗ ಅಲ್ಲಿರುತ್ತಿರಲಿಲ್ಲ.

ತಲೆವಸ್ತ್ರದ ಅಂಚಿನಿಂದ ಕಣ್ಣೊರೆಸಿಕೊಂಡು ಎದ್ದಳು. ಬೆಂಕಿಪೊಟ್ಟಣ ಎಲ್ಲಿದೆಯೆಂದು ಕಣ್ಣಲ್ಲೇ ಹುಡುಕಿ ತಾನೇ ಎತ್ತಿಕೊಂಡಳು.

"ಬೆಂಕಿ ಹಚ್ಚೋವಾಗ ನಿಮ್ಮಪ್ಪ ನಿನ್ನನ್ನ ಅಂಗಳಕ್ಕೆ ಓಡಿಸ್ತಿದ್ರು," ಎಂದಳು. "ಈವತ್ತು ಇಲ್ಲೇ ನಿಂತು ನೋಡು."